ಟೀಚರ್, ತೋರಿಸಬೇಕಾ, ಇನ್ನೂ ಸ್ವಲ್ಪ ದಿನ ನೋಡೋಣಾ?

ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರ್. 19 ವರ್ಷವಾಯಿತು. ಮಕ್ಕಳ ತೂಕ ನೋಡುವ ದಿನ ಎಲ್ಲರೂ ಹೋದ ಮೇಲೂ ಒಬ್ಬ ತಾಯಿ ಹಿಂದೆ ಉಳಿಯುತ್ತಾಳೆ. ಮಗುವಿನ ಅಂಗಿ ಗುಂಡಿ ಹಾಕುತ್ತಾ ಮೆಲ್ಲಗೆ ಕೇಳುತ್ತಾಳೆ: "ಟೀಚರ್, ಇವನಿಗೆ ಎರಡು ತುಂಬಿತು. ಇನ್ನೂ ಮಾತು ಬಂದಿಲ್ಲ. ಡಾಕ್ಟರಿಗೆ ತೋರಿಸಬೇಕಾ, ಇನ್ನೂ ಸ್ವಲ್ಪ ದಿನ ನೋಡೋಣಾ?"

ಮಾತಿನ ಬದಲು ನಡಿಗೆ ಇರಬಹುದು, ಕೂರುವುದು ಇರಬಹುದು. ಪ್ರಶ್ನೆ ಮಾತ್ರ ಅದೇ. ನನ್ನ ಉತ್ತರವೂ ಈಗ ಒಂದೇ. ಮೊದಲು ತೋರಿಸಿ. ಕಾಯುವುದೇ ಆದರೆ ತೋರಿಸಿದ ಮೇಲೆ ಕಾಯೋಣ.

ಮೊದಲೆಲ್ಲಾ ನಾನು ಹೀಗೆ ಹೇಳುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳು ತಾಯಿ ಒಂದೂವರೆ ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದು ಹೀಗೇ ಕೇಳಿದ್ದಳು. ಮಗು ಗುಂಡುಗುಂಡಾಗಿತ್ತು, ನಗುತ್ತಿತ್ತು, ತೂಕ ಸರಿಯಾಗಿತ್ತು. "ಬರುತ್ತೆ ಬಿಡವ್ವ, ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ" ಅಂದೆ. ಅವಳು ನೆಮ್ಮದಿಯಿಂದ ಹೋದಳು.

ಮೂರು ವರ್ಷಕ್ಕೆ ಆ ಮಗು ನನ್ನ ಕೇಂದ್ರಕ್ಕೇ ಬಂತು. ತಾಯಿ ಮೆಕ್ಕೆಜೋಳದ ಕೂಲಿಗೆ ಹೋಗುತ್ತಿದ್ದಳು. ಮಗುವನ್ನು ಅಜ್ಜಿಯೇ ಬಿಟ್ಟು, ಅಜ್ಜಿಯೇ ಕರೆದುಕೊಂಡು ಹೋಗುತ್ತಿದ್ದರು. ಕಿವಿ ಕೇಳುತ್ತದಾ ಅಂತ ಕೇಳಿದರೆ ಅಜ್ಜಿಗೆ ಸಿಟ್ಟು. "ಕರೆದ್ರೆ ಓಡಿ ಬರ್ತೈತಿ ಕೂಸು, ನೀವೇ ನೋಡ್ರಿ." ನಿಜವೇ, ಓಡಿ ಬರುತ್ತಿತ್ತು. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಅಜ್ಜಿ ಕರೆಯುವುದನ್ನು ಗಮನವಿಟ್ಟು ನೋಡಿದೆ. ಬಾಯಲ್ಲಿ "ಬಾರವ್ವ" ಅನ್ನುವಾಗ ಅವರ ಕೈಯೂ ಬಾ ಅನ್ನುತ್ತಿತ್ತು. ಮಗು ನೋಡುತ್ತಿದ್ದದ್ದು ಆ ಕೈಯನ್ನು.

ಮಾರನೇ ದಿನ ಅವಳನ್ನು ಗೋಡೆ ಕಡೆ ಮುಖ ಮಾಡಿ ಆಟದ ಸಾಮಾನು ಕೊಟ್ಟು ಕೂರಿಸಿದೆ. ಹಿಂದಿನಿಂದ ಹೆಸರು ಹಿಡಿದು ಕರೆದೆ. ಊಟದ ತಟ್ಟೆಗೆ ಸೌಟಿನಿಂದ ಬಾರಿಸಿದೆ. ಉಳಿದ ಹನ್ನೊಂದು ಮಕ್ಕಳೂ ನನ್ನ ಕಡೆ ತಿರುಗಿದರು. ಅವಳು ಒಂದರ ಮೇಲೊಂದು ಡಬ್ಬಿ ಜೋಡಿಸುತ್ತಲೇ ಇದ್ದಳು.

ಕಿವಿ ಪರೀಕ್ಷೆಗೆ ದಾವಣಗೆರೆಗೆ ನಾನೂ ಜೊತೆಗೆ ಹೋಗಿದ್ದೆ. ಬೇರಾ ಅಂತ ಒಂದು ಪರೀಕ್ಷೆ ಇದೆ. ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿ, ಶಬ್ದ ಕೇಳಿಸಿ, ಮೆದುಳಿಗೆ ಅದು ಮುಟ್ಟುತ್ತದಾ ಅಂತ ನೋಡುತ್ತಾರೆ. ಚಿಕ್ಕ ಮಕ್ಕಳಿಗಾದರೆ ಅಷ್ಟು ಹೊತ್ತೂ ನಿದ್ದೆ ಬಂದಿರಬೇಕು. ಅದಕ್ಕೇ ಬೆಳಗಿನ ಬಸ್ಸಿನಲ್ಲಿ ಮಲಗಲು ಬಿಡಬೇಡಿ ಅಂದಿದ್ದರು. ತಾಯಿ ದಾರಿಯುದ್ದಕ್ಕೂ ಮಗುವಿನ ಮುಖಕ್ಕೆ ನೀರು ಹಚ್ಚುತ್ತಾ, ಕಿಟಕಿಯ ಹೊರಗೆ ಎಮ್ಮೆ, ಟ್ರ್ಯಾಕ್ಟರು ತೋರಿಸುತ್ತಾ ಎಚ್ಚರವಾಗಿ ಇಟ್ಟಿದ್ದಳು. ಎರಡೂ ಕಿವಿ ತೀರಾ ಕಡಿಮೆ ಕೇಳುತ್ತವೆ ಅಂತ ಗೊತ್ತಾಯಿತು.

ಈಗ ಅವಳು ಹೈಸ್ಕೂಲ್ ಮುಗಿಸಿದ್ದಾಳೆ. ಮಾತಾಡುತ್ತಾಳೆ, ಹೊಸಬರಿಗೆ ಎರಡು ಸಲ ಹೇಳಬೇಕಾಗುತ್ತದೆ. ನಾನು "ಬರುತ್ತೆ ಬಿಡವ್ವ" ಅಂದಾಗ ಅವಳಿಗೆ ಒಂದೂವರೆ ವರ್ಷ. ಕಿವಿಗೆ ಮಷೀನ್ ಬಂದಾಗ ಮೂರೂವರೆ. ನಡುವಿನ ಎರಡು ವರ್ಷ ಹೋಗಿದ್ದು ನನ್ನ ಮಾತಿನಿಂದ. ಹುಟ್ಟಿದ ತಿಂಗಳೊಳಗೆ ಕಿವಿ ಪರೀಕ್ಷೆ ಆಗಿ, ತೊಂದರೆ ಇದ್ದರೆ ಆರು ತಿಂಗಳೊಳಗೆ ಮಷೀನ್ ಹಾಕಬೇಕು ಅನ್ನುವುದು ಈಗ ನನಗೆ ಗೊತ್ತು. ಮಾತು ತಡವಾದ ಮಗುವಿಗೆ ಮೊದಲು ಕಿವಿ ನೋಡಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಯಾವಾಗ ತೋರಿಸಬೇಕು? ನಿಮ್ಮ ತಾಯಿ ಕಾರ್ಡ್ ತೆಗೆಯಿರಿ. ಎಲ್ಲರೂ ಚುಚ್ಚುಮದ್ದಿನ ಪುಟ ನೋಡಿ ಮಡಚಿಡುತ್ತಾರೆ. ಅದರಲ್ಲೇ ಮಗು ಯಾವ ತಿಂಗಳಿಗೆ ಏನು ಮಾಡಬೇಕು ಅಂತ ಚಿತ್ರ ಸಮೇತ ಇದೆ. ನಾನು ಬಾಯಿಪಾಠ ಮಾಡಿಸುವುದು ಇಷ್ಟು: 4 ತಿಂಗಳಿಗೂ ಕತ್ತು ನಿಲ್ಲದಿದ್ದರೆ, 9 ತಿಂಗಳಿಗೂ ಆಸರೆಯಿಲ್ಲದೆ ಕೂರದಿದ್ದರೆ ತೋರಿಸಿ. ವರ್ಷ ತುಂಬಿದರೂ "ಬಾಬಾ, ದಾದಾ" ಅನ್ನದಿದ್ದರೆ, ಟಾಟಾ ಮಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ತೋರಿಸಿ. ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡಕ್ಕೂ "ಅವ್ವ ಬಾ" ಅಂತ ಎರಡು ಪದ ಜೋಡಿಸದಿದ್ದರೆ ತೋರಿಸಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಆ ಮುಂಚಿನ ವಾರಗಳನ್ನು ಕಳೆದು ಲೆಕ್ಕ ಹಾಕಿ.

ಇನ್ನೊಂದಕ್ಕೆ ಮಾತ್ರ ವಯಸ್ಸಿನ ಲೆಕ್ಕವೇ ಇಲ್ಲ. ಬರುತ್ತಿದ್ದ ಮಾತು ನಿಂತುಹೋದರೆ, ಆಡುತ್ತಿದ್ದ ಮಗು ಮುಖ ನೋಡುವುದನ್ನೇ ಬಿಟ್ಟರೆ, ಆ ವಾರವೇ ಹೊರಡಿ.

ಕಾಯಲು ಕಾರಣ ಹೇಳುವವರು ಮನೆತುಂಬಾ ಇರುತ್ತಾರೆ. ಅವರಪ್ಪನೂ ಐದಕ್ಕೆ ಮಾತಾಡಿದ್ದು ಅನ್ನುತ್ತಾರೆ. ಗಂಡುಹುಡುಗರು ನಿಧಾನ ಅನ್ನುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ದುಗ್ಗಮ್ಮನಿಗೆ ಹರಕೆ ಹೊರುತ್ತಾರೆ. ಹರಕೆ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ. ನಾನೂ ಹೊತ್ತಿದ್ದೇನೆ. ಹರಕೆ ಹೊತ್ತ ವಾರವೇ ಆಸ್ಪತ್ರೆಗೂ ಹೋಗಿ ಅನ್ನುತ್ತೇನೆ, ಅಷ್ಟೇ. ಮೊಬೈಲ್ ಮಾತೂ ಹಾಗೇ. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲ್ ಬೇಡವೇ ಬೇಡ, ಇವತ್ತೇ ಬಿಡಿಸಿ. ಆದರೆ "ಮೊಬೈಲ್ ಬಿಡಿಸಿ ಆರು ತಿಂಗಳು ನೋಡ್ತೀವಿ" ಅಂದರೆ ಅದೂ ಕಾಯುವುದೇ ಅಲ್ವಾ?

ತಾಂಡಾದ ಮನೆಗಳಲ್ಲಿ, ಉರ್ದು ಮನೆಗಳಲ್ಲಿ ಇನ್ನೊಂದು ಭಯ. ಎರಡು ಭಾಷೆಯಿಂದ ಮಗು ಗಲಿಬಿಲಿಯಾಗಿದೆಯಾ ಅಂತ. ಇಲ್ಲ. ಎರಡು ಭಾಷೆಯಿಂದ ಮಾತು ನಿಲ್ಲುವುದಿಲ್ಲ. ಎರಡರ ಪದಗಳನ್ನೂ ಕೂಡಿಸಿ ಎಣಿಸಿ, ಸಾಕು. ನಿಮ್ಮ ಮಾತನ್ನು ಮಗುವಿನ ಹತ್ತಿರ ನಿಲ್ಲಿಸಬೇಡಿ.

ಎಲ್ಲಿಗೆ ಹೋಗುವುದು ಅಂತ ಗೊತ್ತಿಲ್ಲದಿದ್ದರೆ ನಿಮ್ಮೂರ ಅಂಗನವಾಡಿಯಲ್ಲೇ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ಡಾಕ್ಟರ್ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಬೆಳವಣಿಗೆ ನಿಧಾನ ಇರುವುದನ್ನು ಹುಡುಕುವುದೂ ಅವರ ಕೆಲಸವೇ. ಮುಂದೆ ಬೇಕಾದರೆ ಜಿಲ್ಲಾ ಮಟ್ಟಕ್ಕೆ ಕಳಿಸುತ್ತಾರೆ, ಖರ್ಚಿಲ್ಲ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದಾವಣಗೆರೆಯಿಂದ ನೇರ ರೈಲಿದೆ. ತಂಡ ಬರುವ ತನಕ ಕಾಯಬೇಕು ಅಂತೇನಿಲ್ಲ, ನೀವೇ ಮಕ್ಕಳ ಡಾಕ್ಟರ ಹತ್ತಿರ ಹೋಗಬಹುದು.

"ತೋರಿಸಿದರೆ ಮಗುವಿಗೆ ಹೆಸರು ಬೀಳುತ್ತೆ ಟೀಚರ್" ಅಂತ ಅಳುವವರನ್ನೂ ಕಂಡಿದ್ದೇನೆ. ತೋರಿಸಿದ ತಕ್ಷಣ ಯಾರೂ ಚೀಟಿ ಅಂಟಿಸುವುದಿಲ್ಲ. ಎಷ್ಟೋ ಸಲ ಏನೂ ಇರುವುದಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ. ಏನಾದರೂ ಇದ್ದರೆ, ದಿನಾ ಮನೆಯಲ್ಲಿ ಹೇಗೆ ಆಡಿಸಬೇಕು, ಹೇಗೆ ಮಾತಾಡಿಸಬೇಕು ಅಂತ ಹೇಳಿಕೊಡುತ್ತಾರೆ. ಅದನ್ನು ಬೇಗ ಶುರುಮಾಡಿದಷ್ಟೂ ಮಗುವಿಗೆ ಒಳ್ಳೆಯದು.

ಹೋಗುವಾಗ ತಾಯಿ ಕಾರ್ಡ್ ಇಟ್ಟುಕೊಳ್ಳಿ. ಮನೆಯಲ್ಲಿ ಮಗು ಆಡುವುದನ್ನು ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಡಾಕ್ಟರ ಮುಂದೆ ಮಕ್ಕಳು ಮನೆಯಲ್ಲಿದ್ದಂತೆ ಇರುವುದಿಲ್ಲ. ಆಮೇಲೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ದಿನವೆಲ್ಲಾ ಮಗುವಿನ ಜೊತೆ ಇರುವವರು ಅವರೇ.