ಪ್ಯಾನ್ ಯಾರ್ಡಿನ ರಾತ್ರಿಗಳು

ಕೆರಿಬಿಯನ್ ದ್ವೀಪವಾದ ಟ್ರಿನಿಡಾಡಿನ ಕಾರ್ನಿವಲ್ ಹಬ್ಬ ನೋಡಬೇಕೆನ್ನುವವರಿಗೆ ನಾನು ಹೇಳುವುದಿಷ್ಟೇ: ಸೋಮವಾರ, ಮಂಗಳವಾರದ ಮೆರವಣಿಗೆಯ ಹೊತ್ತಿಗೆ ಹೋಗಿ ಇಳಿಯಬೇಡಿ, ವಾರ ಮುಂಚೆಯೇ ಹೋಗಿ. ಗರಿಯ ಕಿರೀಟ, ಮಣಿಯ ಉಡುಪಿನ ಚಿತ್ರಗಳನ್ನು ಎಲ್ಲರೂ ಕಂಡಿರುತ್ತಾರೆ. ಹಬ್ಬದ ಜೀವ ಇರುವುದು ರಾತ್ರಿ ಹೊತ್ತು, ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಪ್ಯಾನ್ ಯಾರ್ಡುಗಳಲ್ಲಿ.

ಪ್ಯಾನ್ ಯಾರ್ಡ್ ಎಂದರೆ 'ಪ್ಯಾನ್' ಎಂಬ ಉಕ್ಕಿನ ವಾದ್ಯ ನುಡಿಸುವ ಸ್ಟೀಲ್ ಬ್ಯಾಂಡಿನವರು ತಾಲೀಮು ನಡೆಸುವ ಅಂಗಳ. ನಾನು ಹೋದದ್ದು ಡ್ಯೂಕ್ ಸ್ಟ್ರೀಟಿನ ಆಲ್ ಸ್ಟಾರ್ಸ್ ತಂಡದ ಅಂಗಳಕ್ಕೆ. ಕೇರಿಯವರು ಮಕ್ಕಳು ಮರಿಗಳೊಂದಿಗೆ ಬಂದು ಸುತ್ತಲೂ ನಿಂತಿದ್ದರು. ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳ ಟೆನರ್ ಪ್ಯಾನನ್ನು ಹತ್ತಿರದಿಂದ ನೋಡಿದೆ. ಎಣ್ಣೆಯ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಬಾಣಲೆಯಂತೆ ತಗ್ಗಿಸಿ, ಒಂದೊಂದು ಸ್ವರಕ್ಕೂ ಒಂದೊಂದು ಮನೆ ಮಾಡಿದ್ದಾರೆ. ಮಂದ್ರ ಸ್ವರಗಳು ಅಂಚಿನಲ್ಲಿ, ತಾರ ಸ್ವರಗಳು ನಡುವೆ. ತುದಿಗೆ ರಬ್ಬರ್ ಸುತ್ತಿದ ಗೇಣುದ್ದದ ಕೋಲುಗಳು ಅವಳ ಬೆರಳುಗಳಲ್ಲಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಆಡುತ್ತಿದ್ದವು. ಹಿಂದೆ ಬೇಸ್ ನುಡಿಸುವವರು ತಮ್ಮ ಸುತ್ತ ಇಡೀ ಇಡೀ ಪೀಪಾಯಿಗಳನ್ನು ನಿಲ್ಲಿಸಿಕೊಂಡು ಒಂದರಿಂದ ಇನ್ನೊಂದಕ್ಕೆ ತಿರುಗುತ್ತಿದ್ದರು. ತಾಲೀಮು ಮಾಡಿಸುವವರು ನಾಲ್ಕೇ ನಾಲ್ಕು ಸಾಲನ್ನು ಮತ್ತೆ ಮತ್ತೆ ನುಡಿಸಿದರು. ಯಾರ ಮುಂದೆಯೂ ಸ್ವರಲಿಪಿಯ ಹಾಳೆ ಇರಲಿಲ್ಲ. ತಪ್ಪು ಯಾರದೆಂದು ನನ್ನ ಕಿವಿಗೆ ತಿಳಿಯದಿದ್ದರೂ ಅವರಿಗೆ ತಿಳಿಯುತ್ತಿತ್ತು. ಕೊನೆಗೆ ಎಲ್ಲವೂ ಕೂಡಿಬಂದಾಗ ನೆಲವೇ ಅದುರಿತು. ಅಂಥ ಸುಖವನ್ನು ನಾನು ಕಡಿಮೆ ಉಂಡಿದ್ದೇನೆ.

ಇಷ್ಟೆಲ್ಲ ದುಡಿಮೆ 'ಪನೋರಮಾ' ಸ್ಪರ್ಧೆಗಾಗಿ. 1963ರಲ್ಲಿ ಆರಂಭವಾದ ಈ ಸ್ಪರ್ಧೆಯ ಅಂತಿಮ ಸುತ್ತು ಕಾರ್ನಿವಲ್ಲಿಗೆ ಮುಂಚಿನ ಶನಿವಾರ ರಾತ್ರಿ ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದಲ್ಲಿ ನಡೆಯುತ್ತದೆ. ದೊಡ್ಡ ತಂಡವೆಂದರೆ ನೂರಕ್ಕೂ ಹೆಚ್ಚು ವಾದಕರು. ಅವರಿಗೆ ಸಿಗುವುದು ಸುಮಾರು ಎಂಟು ನಿಮಿಷ.

ಈ ವಾದ್ಯ ಹುಟ್ಟಿದ ಬಗೆಯನ್ನು ಅಲ್ಲಿನ ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. 1838ರಲ್ಲಿ ಪೂರ್ಣ ಬಿಡುಗಡೆ ಪಡೆದ ಆಫ್ರಿಕಾ ಮೂಲದ ಜನ ಪಂಜು ಹಿಡಿದು, ಡೋಲು ಬಾರಿಸುತ್ತ 'ಕಾನ್‌ಬೂಲೆ' ಮೆರವಣಿಗೆ ತೆಗೆಯುತ್ತಿದ್ದರು. 1881ರಲ್ಲಿ ಪೊಲೀಸರು ಅದನ್ನು ಹತ್ತಿಕ್ಕಲು ಬಂದಾಗ ಜನ ಎದುರು ನಿಂತು ಹೊಡೆದಾಡಿದರು. ಆಮೇಲೆ ಸರ್ಕಾರ ಡೋಲಿಗೇ ಕಡಿವಾಣ ಹಾಕಿತು. ಜನ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬಿ, ಹಳೆಯ ವಾಹನಗಳ ಬ್ರೇಕ್ ಡ್ರಮ್ ಕೈಗೆ ಬಂದವು. ಮುಂದೆ ಎಣ್ಣೆಯ ಪೀಪಾಯಿ. ಇಂದು ಅದೇ ದೇಶದ ರಾಷ್ಟ್ರೀಯ ವಾದ್ಯ. ಗುಡ್ಡದ ಮೇಲಿನ ಲಾವೆಂಟಿಲ್‌ನಂಥ ಬಡ ಕೇರಿಗಳ ಹುಡುಗರು ಅದನ್ನು ಸಾಕಿ ಬೆಳೆಸಿದರು ಎಂಬುದನ್ನು ನೆನೆದು ಕೇಳಿದರೆ ಆ ನಾದದ ತೂಕವೇ ಬೇರೆ.

ಸೋಮವಾರ ನಸುಕಿಗೆ 'ಜುವೇ'. ಇನ್ನೂ ಕತ್ತಲಿರುವಾಗಲೇ ಮೈಗೆ ಕೆಸರು, ಬಣ್ಣ, ಕೋಕೋ ಬಳಿದುಕೊಂಡ ಜನ ಬೀದಿಗಿಳಿಯುತ್ತಾರೆ. ಅಪರಿಚಿತ ಅಜ್ಜಿಯೊಬ್ಬರು ನಗುತ್ತ ನನ್ನ ಎರಡೂ ಕೆನ್ನೆಗೆ ಕೆಸರು ಹಚ್ಚಿದರು. ಬೆಳಕು ಹರಿದಾಗ ಹಸಿವು. ಬೀದಿ ಬದಿಯಲ್ಲಿ 'ಡಬಲ್ಸ್' ಮಾರುವವರು ಅರಿಸಿನ ಬೆರೆಸಿದ ಎರಡು ಮೆತ್ತನೆಯ ಬಾರಾಗಳ (ಕರಿದ ರೊಟ್ಟಿಗಳ) ಮೇಲೆ ಕಡಲೆಕಾಳಿನ ಪಲ್ಯ, ಹುಣಸೆ ಚಟ್ನಿ, ಮಾವಿನಕಾಯಿಯ ಕುಚೇಲಾ ಉಪ್ಪಿನಕಾಯಿ ಹಾಕಿ ಕಾಗದದಲ್ಲಿ ಸುತ್ತಿ ಕೊಟ್ಟರು. 1845ರಲ್ಲಿ ಫಟೆಲ್ ರಜಾಕ್ ಹಡಗಿನಿಂದ ಮೊದಲಾಗಿ ಕಬ್ಬಿನ ತೋಟಗಳಿಗೆ ಬಂದ ಭಾರತದ ಕೂಲಿಗಳ ಸಂತತಿಯವರ ತಿಂಡಿ ಇದು. ಈಗ ಇಡೀ ದ್ವೀಪದ್ದು. ಕಾರ್ನಿವಲ್ಲಿನ ಸೋಕಾ ಸಂಗೀತದಲ್ಲೂ ಅವರ ಢೋಲಕ್, ಉಕ್ಕಿನ ಸರಳಿನ ತಾಳವಾದ್ಯವಾದ ಧನ್‌ತಾಲ್‌ಗಳ ಪಾಲಿದೆ.

ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನದ ಮುಂದೆ ಹಾದುಹೋಗುವಾಗ ನಾನು ನಿಲ್ಲದೆ ಇರಲಾಗಲಿಲ್ಲ. 1976ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟಿನಲ್ಲಿ ಭಾರತ 403 ರನ್ನುಗಳ ಗುರಿ ಮುಟ್ಟಿ ಗೆದ್ದದ್ದು ಅಲ್ಲಿ. ನಮ್ಮ ವಿಶ್ವನಾಥ್ 112 ಹೊಡೆದದ್ದು, ಬ್ರಿಜೇಶ್ ಪಟೇಲ್ ಕೊನೆಯವರೆಗೂ ನಿಂತದ್ದು ಅಲ್ಲಿ.

ಮಂಗಳವಾರದ ಮೆರವಣಿಗೆ ಕಣ್ಣಿಗೆ ಹಬ್ಬ, ಕಾಲಿಗೆ ದಣಿವು. ಮರುದಿನ, ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ, ಅರ್ಧ ಊರು ಮರಾಕಸ್ ಕಡಲತೀರಕ್ಕೆ ಹೊರಡುತ್ತದೆ, ನಾನೂ ಹೊರಟೆ. ಕರಿದ ರೊಟ್ಟಿಯೊಳಗೆ ಶಾರ್ಕ್ ಮೀನಿಟ್ಟು ತಿನ್ನುತ್ತಿದ್ದ ಪಕ್ಕದ ಮೇಜಿನವರು ಪನೋರಮಾ ತೀರ್ಪು ಸರಿಯೇ ತಪ್ಪೇ ಎಂದು ಏರುದನಿಯಲ್ಲಿ ವಾದಕ್ಕೆ ಬಿದ್ದಿದ್ದರು. ನನ್ನ ಅಭಿಪ್ರಾಯವನ್ನೂ ಕೇಳಿದರು. ಕುರ್ಚಿ ಎಳೆದುಕೊಂಡು ಕೂತೆ.