ಕ್ಯಾಶ್ ಕೌಂಟರಲ್ಲಿ ಕೂತು ಇಷ್ಟು ವರ್ಷ ಆದ್ಮೇಲೆ ಕಲ್ತಿದ್ದು

ಹಾಸನದಲ್ಲಿ ಒಂದು ಬ್ಯಾಂಕ್ ಬ್ರಾಂಚಲ್ಲಿ ನಾನು ಕ್ಯಾಷಿಯರ್. ಆಲೂರು ಕಡೆಯಿಂದ ಒಬ್ರು ಹಿರಿಯರು ತಿಂಗಳಿಗೊಂದ್ಸಲ ಬರ್ತಾರೆ, ಎರಡೂ ಕಣ್ಣು ಕಾಣಲ್ಲ, ಬಿಳಿ ಕೋಲು ಹಿಡ್ಕೊಂಡು ಬಸ್ಸು ಆಟೋ ಎಲ್ಲಾ ಒಬ್ರೇ ಹತ್ತಿ ಇಳಿದು ಬರ್ತಾರೆ. ಒಂದ್ಸಲ ಚೆಕ್ ಬುಕ್ ಬೇಕು ಅಂದ್ರು. ನಾನು "ಮನೆಯವರನ್ನ ಯಾರಾದ್ರೂ ಕರ್ಕೊಂಡು ಬನ್ನಿ ಸಾರ್, ಆಮೇಲೆ ನೋಡೋಣ" ಅಂದ್ಬಿಟ್ಟೆ. ಯಾರಾದ್ರೂ ಮೋಸ ಮಾಡಿದ್ರೆ ಅನ್ನೋ ಭಯಕ್ಕೆ ಹೇಳಿದ್ದು. ಅವರು ಜಗಳ ಆಡ್ಲಿಲ್ಲ, "ಆಗ್ಲಿ" ಅಂದು ಹೊರಟೋದ್ರು. ಕಣ್ಣು ಕಾಣದವರಿಗೂ ಚೆಕ್ ಬುಕ್, ಎಟಿಎಂ, ಲಾಕರ್ ಎಲ್ಲಾ ಭೇದ ಇಲ್ದೆ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಸುತ್ತೋಲೆ ಹೊರಡಿಸಿದೆ, ಅದು ನಂಗೆ ಗೊತ್ತಿರ್ಬೇಕಿತ್ತು, ಗೊತ್ತಿರ್ಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಟ್ರೈನಿಂಗಿಗೆ ಅಂತ ಹೈದರಾಬಾದಿಗೆ ಹೋದಾಗ ಜೊತೆಯವರು ಇನಾರ್ಬಿಟ್ ಮಾಲಲ್ಲಿ ಡೈಲಾಗ್ ಇನ್ ದಿ ಡಾರ್ಕ್ ಅಂತ ಪೂರ್ತಿ ಕತ್ತಲಲ್ಲಿ ಓಡಾಡೋ ಪ್ರದರ್ಶನ ಇದೆ ಬಾ ಅಂದ್ರು. 1988ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಲ್ಲಿ ಆಂಡ್ರಿಯಾಸ್ ಹೈನೆಕೆ ಅನ್ನೋರು ಶುರು ಮಾಡಿದ್ದು ಇದು. ಫೋನು, ವಾಚು, ಹೊಳೆಯೋದು ಏನಿದ್ರೂ ಹೊರಗಿಟ್ಟು ಕೋಲು ಹಿಡ್ಕೊಂಡು ಒಳಗೆ ಹೋಗ್ಬೇಕು, ಕಣ್ಣು ಬಿಟ್ರೂ ಮುಚ್ಚಿದ್ರೂ ಒಂದೇ ಅನ್ನೋವಂಥ ಕತ್ತಲು. ಕರ್ಕೊಂಡು ಹೋಗೋ ಗೈಡಿಗೆ ಕಣ್ಣು ಕಾಣಲ್ಲ, ಆದ್ರೆ ಅಲ್ಲಿ ತಡವರಿಸ್ತಾ ಇದ್ದೋರು ನಾವೇ.

ಕೊನೇಲಿ ಕತ್ತಲಲ್ಲೇ ಒಂದು ಕೆಫೆ. ಜ್ಯೂಸಿಗೆ ದುಡ್ಡು ಕೊಡೋಕೆ ಜೇಬಿಗೆ ಕೈ ಹಾಕ್ದೆ. ಜೇಬಲ್ಲಿ 100, 200, 500 ಮೂರೂ ಇತ್ತು. ದಿನಾ ಲಕ್ಷಗಟ್ಟಲೆ ನೋಟು ಎಣಿಸೋ ಕೈಗೆ ಯಾವ್ದು ಯಾವ್ದು ಅಂತ ಗೊತ್ತಾಗ್ಲೇ ಇಲ್ಲ. 100ರ ನೋಟು 142 ಮಿಲಿಮೀಟರ್ ಉದ್ದ, 200ರದ್ದು 146, 500ರದ್ದು 150, ಅಂದ್ರೆ ಒಂದಕ್ಕೂ ಇನ್ನೊಂದಕ್ಕೂ 4 ಮಿಲಿಮೀಟರ್ ಅಷ್ಟೇ. ಅಂಚಲ್ಲಿ ಉಬ್ಬಿದ ಓರೆ ಗೆರೆ ಇರುತ್ತೆ, 100ಕ್ಕೆ 4, 200ಕ್ಕೆ 4 ಗೆರೆ ಮಧ್ಯೆ ಎರಡು ಸೊನ್ನೆ, 500ಕ್ಕೆ 5. ಹೊಸ ನೋಟಲ್ಲಿ ಕೈಗೆ ಸಿಗುತ್ತೆ, ಸಂತೆ ಬಸ್ಸು ಸುತ್ತಾಡಿ ಬಂದ ನೋಟಲ್ಲಿ ಸವೆದು ಹೋಗಿರುತ್ತೆ. ನಾನು ಅಂಥ ನೋಟುಗಳನ್ನೇ ಆ ಹಿರಿಯರ ಕೈಗೆ ಒಂದೇ ಕಟ್ಟಾಗಿ ಇಡ್ತಿದ್ದೆ, ಅದೂ ಎಷ್ಟೆಷ್ಟರ ನೋಟು ಅಂತ ಒಂದು ಮಾತೂ ಹೇಳದೆ.

ಹೊರಗೆ ಬಂದ್ಮೇಲೆ ಜೊತೆಯವರೊಬ್ರು "ಪಾಪ, ಇವರೆಲ್ಲ ಹೇಗೆ ಬದುಕ್ತಾರೋ" ಅಂದ್ರು. ನಂಗೆ ಅದು ಸರಿ ಅನ್ಸಲಿಲ್ಲ. ನಾವು ಅನುಭವಿಸಿದ್ದು ನಮ್ಮ ಭಯ, ಅಭ್ಯಾಸ ಇಲ್ಲದವರ ಭಯ. ವರ್ಷಾನುಗಟ್ಟಲೆ ಹಾಗೇ ಓಡಾಡಿದವರ ಬದುಕು ಅದಲ್ಲ, ಆ ಗೈಡು ನಮ್ಮ ಕಣ್ಣೆದುರೇ, ಅಲ್ಲ, ಕಿವಿ ಎದುರೇ ಅದನ್ನ ತೋರಿಸಿದ್ರಲ್ಲ.

ವಾಪಸ್ ಬಂದು ಮ್ಯಾನೇಜರ್ ಹತ್ರ ಸುತ್ತೋಲೆ ತೋರಿಸಿ ಮಾತಾಡ್ದೆ, ಮುಂದಿನ ತಿಂಗಳು ಆ ಹಿರಿಯರು ಬಂದಾಗ ಚೆಕ್ ಬುಕ್ಕಿನ ಅರ್ಜಿ ನಾನೇ ಓದಿ ತುಂಬಿಸಿ, ತಪ್ಪಾಯ್ತು ಸಾರ್ ಅಂದೆ. ದುಡ್ಡು ಹೇಗೆ ಕೊಟ್ರೆ ಅನುಕೂಲ ಅಂತ ಅವರನ್ನೇ ಕೇಳ್ದೆ. ಅಷ್ಟು ವರ್ಷದಲ್ಲಿ ಕೇಳಿರ್ಲೇ ಇಲ್ಲ. ಅವರು ಕೌಂಟರ್ ಮೇಲೇ ಮಾಡಿ ತೋರಿಸಿದ್ರು: 500 ಮಡಚಲ್ಲ, 200 ಅಡ್ಡಕ್ಕೆ ಒಂದು ಮಡಿಕೆ, 100 ಎರಡು ಮಡಿಕೆ, ಚಿಲ್ಲರೆ ಬೇರೆ ಜೇಬು. "ನೀವು ದೊಡ್ಡ ನೋಟಿಂದ ಶುರು ಮಾಡಿ ಬಾಯಲ್ಲಿ ಹೇಳ್ತಾ ಕೊಟ್ರೆ ಸಾಕು, ಮಿಕ್ಕಿದ್ದು ನನ್ನ ಕೈ ನೋಡ್ಕೊಳ್ಳುತ್ತೆ" ಅಂದ್ರು.

ಈಗ ಹಾಗೇ ಕೊಡ್ತೀನಿ. ಎದ್ದು ಹೋಗೋದಿದ್ರೆ ಹೇಳಿ ಹೋಗ್ತೀನಿ, ಇಲ್ದಿದ್ರೆ ಅವರು ಖಾಲಿ ಕುರ್ಚಿ ಜೊತೆ ಮಾತಾಡ್ತಾ ಇರ್ತಾರೆ. ಹೋದ ತಿಂಗಳು ಎಲ್ಲಾ ಎಣಿಸಿ ಮಡಚಿ ಇಟ್ಕೊಂಡು, ಒಂದು 200ರ ನೋಟು ಮಾತ್ರ ವಾಪಸ್ ಚಾಚಿ, "ಇದಕ್ಕೆ ಟೇಪ್ ಹಚ್ಚಿದಾರೆ, ಬದಲಾಯಿಸಿ ಕೊಡಿ" ಅಂದ್ರು. ನೋಡ್ದೆ, ಮೂಲೇಲಿ ಸಣ್ಣದಾಗಿ ಪಾರದರ್ಶಕ ಟೇಪು, ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ. ಬೇರೆ ಕೊಟ್ಟೆ.