ಲ್ಯಾಕ್ಸ್‌ಟನ್‌ನಲ್ಲಿ ಗೂಟ ಹೊಡೆಯುವ ದಿನ

ನವೆಂಬರ್ ಕೊನೆಯ ಒಂದು ಗುರುವಾರ ಬೆಳಿಗ್ಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಯಲ್ಲಿ ಹನ್ನೆರಡು ಜನ ರೈತರು ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಹೊಲಕ್ಕೆ ಹೊರಡುತ್ತಾರೆ. ಕಾಲಿಗೆ ಮೊಣಕಾಲವರೆಗಿನ ರಬ್ಬರ್ ಬೂಟು. ಟ್ರೇಲರ್‌ನಲ್ಲಿ ಒಂದು ಹೊರೆ ಮರದ ಗೂಟ, ಗುದ್ದಲಿ, ಭಾರದ ಸುತ್ತಿಗೆ. ಇವರು ಊರಿನ ನ್ಯಾಯಾಲಯದ ಆ ವರ್ಷದ ಜ್ಯೂರಿ. ಗೋಧಿ ಬಿತ್ತಿರುವ ಹೊಲದ ಗಡಿಗಳನ್ನೆಲ್ಲ ನಡೆದು ನೋಡಿ, ಅಳಿಸಿಹೋದ ಕಡೆ ಗೂಟ ಹೊಡೆದು, ಯಾರು ಎಲ್ಲಿ ಒತ್ತಿ ಉತ್ತಿದ್ದಾರೆಂದು ಬರೆದುಕೊಂಡು ಬರುವುದು ಅವರ ಕೆಲಸ. ಆ ಅಕ್ಷಾಂಶದಲ್ಲಿ ಆ ತಿಂಗಳು ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವುದರಿಂದ ಬೆಳಿಗ್ಗೆಯೇ ಶುರು ಮಾಡಬೇಕು.

ಇಂಥ ದಿನ ಇಂಗ್ಲೆಂಡಿನ ಬೇರೆ ಹಳ್ಳಿಗಳಲ್ಲಿ ಉಳಿದಿಲ್ಲ. ಬೇಲಿಯಿಲ್ಲದ ದೊಡ್ಡ ಹೊಲ, ಅದರೊಳಗೆ ಬೇರೆ ಬೇರೆ ರೈತರ ಉದ್ದುದ್ದ ಪಟ್ಟಿಗಳು, ಎಲ್ಲರಿಗೂ ಒಂದೇ ಬೆಳೆ ಸರದಿ, ಅದನ್ನು ಕಾಯಲು ಊರಿನದೇ ನ್ಯಾಯಾಲಯ. ಮಧ್ಯಯುಗದಲ್ಲಿ ಮಧ್ಯ ಇಂಗ್ಲೆಂಡಿನ ಬಹುಪಾಲು ಹಳ್ಳಿಗಳು ಹೀಗೇ ಇದ್ದವು. ಈ ಎಲ್ಲ ಅಂಗಗಳೂ ಒಟ್ಟಿಗೆ ಕೆಲಸ ಮಾಡುತ್ತ ಉಳಿದದ್ದು ಲ್ಯಾಕ್ಸ್‌ಟನ್‌ನಲ್ಲಿ.

ಊರಿನ ನೆಲ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ನಾಟಿಂಗ್‌ಹ್ಯಾಮ್ ನಗರದಿಂದ ಈಶಾನ್ಯಕ್ಕೆ, ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ಪಶ್ಚಿಮಕ್ಕೆ ಶೆರ್‌ವುಡ್ ಅರಣ್ಯದ ಮರಳು ನೆಲ, ಪೂರ್ವಕ್ಕೆ ಟ್ರೆಂಟ್ ನದಿಯ ಬಯಲು. ಎರಡರ ನಡುವೆ ಏರಿಳಿಯುವ ಕೆಂಪು ಜೇಡಿ ಭೂಮಿ. ಮಳೆ ಬಿದ್ದರೆ ಬೂಟಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹೆಂಟೆ ಒಡೆಯುವುದಿಲ್ಲ. ಆದರೆ ಗೋಧಿಗೆ ಒಳ್ಳೆಯ ನೆಲ. ಈ ಜೇಡಿಯಲ್ಲಿ ನೀರು ಬಸಿಯುವುದು ನಿಧಾನ, ಅದು ಉಳುಮೆಯ ರೀತಿಯನ್ನೇ ನಿರ್ಧರಿಸಿತು.

ಮನೆಗಳು ಹೊಲದಲ್ಲಿ ಒಂಟಿಯಾಗಿಲ್ಲ, ಊರ ಬೀದಿಯಲ್ಲಿ ಸಾಲಾಗಿ ನಿಂತಿವೆ. ಕೆಂಪು ಇಟ್ಟಿಗೆಯ ತೋಟಮನೆಗಳು ಬೀದಿಗೆ ಪಕ್ಕೆಗೋಡೆ ತಿರುಗಿಸಿಕೊಂಡಿವೆ. ಒಬ್ಬೊಬ್ಬ ರೈತನ ಪಟ್ಟಿಗಳೂ ಊರಿನ ಸುತ್ತ ಮೂರು ಹೊಲಗಳಲ್ಲಿ ಚದುರಿರುವಾಗ ಊರ ನಡುವೆ ಇರುವುದೇ ಎಲ್ಲದಕ್ಕೂ ಹತ್ತಿರ.

ಆ ಮೂರು ಹೊಲಗಳು ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಹೊಲ ಎಂದರೆ ಒಬ್ಬನ ತುಂಡು ಎಂದುಕೊಳ್ಳಬಾರದು, ಒಂದೊಂದೂ ಹತ್ತಾರು ಪಟ್ಟಿಗಳ ಒಂದು ಬಯಲು. ಒಂದು ವರ್ಷ ಒಂದು ಹೊಲಕ್ಕೆ ಚಳಿಗಾಲದ ಗೋಧಿ, ಅಕ್ಟೋಬರ್ ಸುಮಾರಿಗೆ ಬಿತ್ತನೆ. ಮರುವರ್ಷ ಅದೇ ಹೊಲಕ್ಕೆ ವಸಂತದಲ್ಲಿ ಬಿತ್ತುವ ಬಾರ್ಲಿ, ಬೀನ್ಸ್‌ನಂಥ ಬೆಳೆ. ಮೂರನೆಯ ವರ್ಷ ಬೀಳು. ಹಿಂದೆ ಬೀಳು ಹೊಲಕ್ಕೆ ಊರಿನ ಕುರಿ ಬಿಟ್ಟು ಮೇಯಿಸಿ ಗೊಬ್ಬರ ಮಾಡಿಸುತ್ತಿದ್ದರು. ಈಗ ಕುರಿ ಸಾಕುವವರು ಕಡಿಮೆ, ಹೆಚ್ಚಾಗಿ ಹುಲ್ಲು, ಕ್ಲೋವರ್‌ನಂಥ ಮೇವು ಬೆಳೆದು ಕೊಯ್ದುಕೊಳ್ಳುತ್ತಾರೆ. ಮೂರು ಹೊಲಗಳು ಮೂರು ಹಂತದಲ್ಲಿರುತ್ತವೆ, ವರ್ಷಕ್ಕೊಮ್ಮೆ ಒಂದು ಹೆಜ್ಜೆ ಮುಂದೆ ಸಾಗುತ್ತವೆ. ಒಬ್ಬನ ಭೂಮಿಯೆಲ್ಲ ಒಂದೇ ಹೊಲದಲ್ಲಿದ್ದರೆ ಮೂರು ವರ್ಷಕ್ಕೊಮ್ಮೆ ಅವನಿಗೆ ಕೊಯ್ಲೇ ಇರುವುದಿಲ್ಲ. ಆದ್ದರಿಂದಲೇ ಪ್ರತಿ ಒಕ್ಕಲಿಗೂ ಮೂರೂ ಹೊಲಗಳಲ್ಲಿ ಪಾಲು. ಪಟ್ಟಿಗಳನ್ನು ವರ್ಷಾವರ್ಷ ಚೀಟಿ ಎತ್ತಿ ಹಂಚುತ್ತಾರೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಪಟ್ಟಿ ಒಂದು ಒಕ್ಕಲಿನ ಹಿಡುವಳಿಗೆ ಕಾಯಂ ಸೇರಿದ್ದು, ಗೇಣಿದಾರ ಬದಲಾದರೂ ಪಟ್ಟಿ ಆ ಹಿಡುವಳಿಯ ಜೊತೆಗೇ ಇರುತ್ತದೆ.

ಪಟ್ಟಿಯ ಅಳತೆ ನಮ್ಮ ಕಂದಾಯ ಲೆಕ್ಕ ಬಲ್ಲವರಿಗೆ ಸುಲಭ. ಹಳೆಯ ಇಂಗ್ಲಿಷ್ ಎಕರೆ ಎಂದರೆ 660 ಅಡಿ ಉದ್ದ, 66 ಅಡಿ ಅಗಲದ ಪಟ್ಟಿ. ನೇಗಿಲು ಒಂದೇ ದಮ್ಮಿಗೆ ಹೋಗುವಷ್ಟು ಉದ್ದ ಆ 660 ಅಡಿ, ಅದೇ ಫರ್ಲಾಂಗು. ಕರ್ನಾಟಕದ ಭೂಮಾಪನದ ಸರಪಳಿ 33 ಅಡಿಯದು, ಒಂದು ಸರಪಳಿ ಚದರ ಒಂದು ಗುಂಟೆ. ಅದರಲ್ಲಿ ಅಳೆದರೆ ಆ ಪಟ್ಟಿ ಇಪ್ಪತ್ತು ಸರಪಳಿ ಉದ್ದ, ಎರಡು ಸರಪಳಿ ಅಗಲ, ಸರಿಯಾಗಿ 40 ಗುಂಟೆ. ನಿಜವಾದ ಹೊಲದಲ್ಲಿ ಹೀಗೆ ಅಚ್ಚುಕಟ್ಟಾದ ಪಟ್ಟಿ ಸಿಗುವುದು ಅಪರೂಪ, ಇಳಿಜಾರು, ಹಳ್ಳ, ದಾರಿ ನೋಡಿಕೊಂಡು ಉದ್ದ ಅಗಲ ಬದಲಾಗುತ್ತವೆ. ಲ್ಯಾಕ್ಸ್‌ಟನ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ಅಗಲ ಮಾಡಿದ್ದಾರೆ. ಅಷ್ಟಾದರೂ ಮಾಡದಿದ್ದರೆ ಇವತ್ತಿನ ಯಂತ್ರ ಅಲ್ಲಿ ತಿರುಗುತ್ತಿರಲಿಲ್ಲ.

ಎತ್ತಿನ ಉಳುಮೆ ಇದ್ದಾಗ ಪಟ್ಟಿಯ ನಡುವಿನಿಂದ ಸಾಲು ಶುರುಮಾಡಿ, ಆ ನಡುಸಾಲನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತ ಹೊರಕ್ಕೆ ಹೋಗುತ್ತಿದ್ದರು. ನೇಗಿಲಿನ ರೆಕ್ಕೆ ಮಣ್ಣನ್ನು ಬಲಕ್ಕೆ ಮಗುಚುವುದರಿಂದ ಪ್ರತಿ ಸುತ್ತಿನಲ್ಲೂ ಮಣ್ಣು ನಡುವಿಗೆ ಸೇರುತ್ತದೆ. ವರ್ಷಗಟ್ಟಲೆ ಹೀಗೆ ಉತ್ತರೆ ಪಟ್ಟಿಯ ನಡುವೆ ದಿಣ್ಣೆ ಏಳುತ್ತದೆ, ಎರಡು ಪಟ್ಟಿಗಳ ನಡುವೆ ತೋಡು ಉಳಿಯುತ್ತದೆ. ಆ ತೋಡೇ ಗಡಿ, ಜೇಡಿ ನೆಲದ ನೀರು ಬಸಿಯುವ ಕಾಲುವೆಯೂ ಅದೇ. ಎಂಟು ಎತ್ತುಗಳ ಉದ್ದನೆಯ ಹೂಟೆ ಪಟ್ಟಿಯ ತುದಿಗೆ ಬಂದಾಗ ಮೊದಲೇ ಓರೆ ಮಾಡಿಕೊಳ್ಳಬೇಕಿತ್ತು, ಹಾಗಾಗಿ ಹಳೆಯ ಪಟ್ಟಿಗಳು ನೇರವಾಗಿಲ್ಲ, ಎರಡೂ ತುದಿಯಲ್ಲಿ ಬಾಗಿವೆ. ಮಧ್ಯ ಇಂಗ್ಲೆಂಡಿನಲ್ಲಿ ಎಂದೋ ಹುಲ್ಲುಗಾವಲಾದ ಹೊಲಗಳಲ್ಲಿ ಈ ದಿಣ್ಣೆ ತೋಡುಗಳ ಅಲೆ ಇವತ್ತಿಗೂ ಹುಲ್ಲಿನಡಿ ಕಾಣುತ್ತದೆ, ಓರೆ ಬಿಸಿಲಿನಲ್ಲಿ ನೋಡಿದರೆ ಮತ್ತೂ ಚೆನ್ನಾಗಿ.

ಟ್ರ್ಯಾಕ್ಟರ್ ಬಂದ ಮೇಲೆ ದಿಣ್ಣೆಗಳು ಸಪಾಟಾದವು, ತೋಡು ಮುಚ್ಚಿತು. ಜ್ಯೂರಿಯ ಕೆಲಸ ಕಷ್ಟವಾದದ್ದು ಅಲ್ಲಿಂದಲೇ. ಬೇಲಿ ಇಲ್ಲ, ಬದು ಇಲ್ಲ, ಬಾಂದುಕಲ್ಲಂತೂ ಇಲ್ಲವೇ ಇಲ್ಲ. ಪಟ್ಟಿಯ ಮೂಲೆಗಳಲ್ಲಿ ಮರದ ಗೂಟ ಮಾತ್ರ. ಮರ ಕೊಳೆಯುತ್ತದೆ, ಕೊಯ್ಲು ಯಂತ್ರ ತಾಗಿ ಮುರಿಯುತ್ತದೆ, ಉಳುವಾಗ ನೇಗಿಲಿಗೆ ಸಿಕ್ಕಿ ಕಿತ್ತು ಬರುತ್ತದೆ. ಗೂಟ ಹೋದ ವರ್ಷ ಉಳುವವನು ಅಂದಾಜಿನ ಮೇಲೆ ಸಾಲು ಎಳೆಯುತ್ತಾನೆ, ಅಂದಾಜು ಸಾಮಾನ್ಯವಾಗಿ ತನ್ನ ಕಡೆಗೇ ವಾಲುತ್ತದೆ. ಲೆಕ್ಕ ಹಾಕಿ ನೋಡಿ: 200 ಮೀಟರ್ ಉದ್ದದ ಪಟ್ಟಿಯ ಅಂಚಿನಲ್ಲಿ ಹದಿನೈದು ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ, ಆಚೆ ಉತ್ತರೆ 30 ಚದರ ಮೀಟರ್ ನೆರೆಯವನಿಂದ ಹೋಯಿತು. ಒಂದು ಗುಂಟೆ ಎಂದರೆ 101 ಚದರ ಮೀಟರ್, ಅದರಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಭಾಗ. ಯಾರೂ ಕಳ್ಳತನಕ್ಕೆಂದು ಮಾಡಬೇಕಾಗಿಲ್ಲ. ಕೇಳುವವರಿಲ್ಲದಿದ್ದರೆ ತಾನಾಗಿ ಆಗುತ್ತದೆ.

ಅದಕ್ಕೇ ಈ ದಿನವನ್ನು ನವೆಂಬರ್ ಕೊನೆಗೆ ಇಟ್ಟಿರುವುದು ಜಾಣತನ ಎನಿಸುತ್ತದೆ. ಗೋಧಿ ಮೊಳೆತು ಎರಡು ಮೂರು ಎಲೆ ಬಿಟ್ಟಿರುತ್ತದೆ. ಒಬ್ಬನ ಬಿತ್ತನೆ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರುವಾಯಿತೆಂಬುದು ಹಸಿರು ಗೆರೆಯಲ್ಲಿ ನಿಚ್ಚಳ. ಇನ್ನೂ ತಡವಾದರೆ ಬೆಳೆ ಕವಿದುಕೊಂಡು ಗೆರೆ ಮುಚ್ಚುತ್ತದೆ. ನೆಲ ತೇವವಾಗಿರುವುದರಿಂದ ಗೂಟವೂ ಇಳಿಯುತ್ತದೆ. ಬೆಳೆ ಎಳೆಯದು, ನಡೆದರೆ ಅಷ್ಟೇನೂ ನಷ್ಟವಿಲ್ಲ.

ಕೆಲಸ ಹೀಗೆ ಸಾಗುತ್ತದೆ. ಗಟ್ಟಿಯಾಗಿ ಉಳಿದ ಹಳೆಯ ಗೂಟವೊಂದನ್ನು ಹುಡುಕಿ ಒಬ್ಬ ಅದರ ಬಳಿ ನಿಲ್ಲುತ್ತಾನೆ, ಪಟ್ಟಿಯ ಆಚೆ ತುದಿಯ ಗುರುತಿಗೆ ಇನ್ನೊಬ್ಬ. ಇಬ್ಬರ ನಡುವೆ ಕಣ್ಣಳತೆಯ ನೇರ ನೋಡಿ, ಅನುಮಾನವಿದ್ದರೆ ಅಗಲವನ್ನು ಅಳೆದು, ಜಾಗ ಗೊತ್ತುಮಾಡಿ ಗುದ್ದಲಿಯಿಂದ ಸಣ್ಣ ಗುಳಿ ತೆಗೆದು ಗೂಟ ಹೊಡೆಯುತ್ತಾರೆ. ಮುಂದಾಳು ಪ್ರತಿ ತಕರಾರನ್ನೂ ಬರೆದುಕೊಳ್ಳುತ್ತಾನೆ: ನೆರೆಯವನ ಪಟ್ಟಿಗೆ ದಾಟಿದ ಸಾಲು, ಹೊಲದ ದಾರಿಯ ಅಂಚನ್ನು ತಿಂದ ಉಳುಮೆ, ತೋಡದೆ ಬಿಟ್ಟ ಬಸಿಗಾಲುವೆ. ಮಾತುಕತೆ ಬಿರುಸಾಗುವುದೂ ಉಂಟು. ತಪ್ಪು ಮಾಡಿದವನು ಬಹಳ ಸಲ ಜ್ಯೂರಿಯಲ್ಲೇ ಇರುತ್ತಾನೆ, ತನ್ನ ಪಟ್ಟಿಯ ಮುಂದೆ ತಾನೇ ನಿಂತಿರುತ್ತಾನೆ. ವ್ಯವಸ್ಥೆಯ ಬಲ ಇದೇ ಎಂದು ನಾನು ನಂಬುತ್ತೇನೆ. ಹೊರಗಿನ ಮೋಜಣಿದಾರ ನಕ್ಷೆ ಓದಬಲ್ಲ. ಹೋದ ಸರದಿಯಲ್ಲಿ ಇದೇ ಮೂಲೆಯಲ್ಲಿ ಏನಾಗಿತ್ತೆಂದು ಬಲ್ಲವರು ಈ ಹನ್ನೆರಡು ಜನ. ಗೋಧಿ ಹೊಲವನ್ನಷ್ಟೇ ನೋಡುವುದರಿಂದ ಒಂದು ಹೊಲದ ತಪಾಸಣೆ ಮೂರು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಆದ ಒತ್ತುವರಿ ಕೈಮೀರಿ ಹೋಗಿರುವುದಿಲ್ಲ.

ಜ್ಯೂರಿ ಕಟ್ಟುನಿಟ್ಟಾಗಿ ಕಾಯುವ ಇನ್ನೊಂದು ಜಾಗ ಸೈಕ್. ಹೊಲಗಳ ನಡುವಿನ ತಗ್ಗು, ತೇವ, ಕಡಿದಾದ ಕಡೆ ಉಳಲಾಗದೆ ಬಿಟ್ಟ ಹುಲ್ಲಿನ ಪಟ್ಟಿಗಳಿವು. ಇವು ಯಾರೊಬ್ಬರ ಪಟ್ಟಿಯಲ್ಲೂ ಸೇರಿಲ್ಲ. ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕುತ್ತಾರೆ, ಕೂಗಿದವರು ಕೊಯ್ದು ಒಣಹುಲ್ಲು ಮಾಡಿಕೊಳ್ಳುತ್ತಾರೆ. ನೇಗಿಲು, ಗೊಬ್ಬರದ ಕಾಟವಿಲ್ಲದೆ ಉಳಿದ ಈ ಹುಲ್ಲಿನಲ್ಲಿ ಹಳೆಯ ಹುಲ್ಲುಗಾವಲಿನ ಕಾಡುಹೂಗಳಿವೆ, ಅದಕ್ಕಾಗಿ ಇವಕ್ಕೆ ಕಾನೂನಿನ ಸಂರಕ್ಷಣೆಯೂ ಇದೆ. ಸೈಕ್‌ನ ಅಂಚನ್ನು ಒಂದು ಸಲ ಉತ್ತರೆ ಆ ಹುಲ್ಲು ನಮ್ಮ ಕಾಲದಲ್ಲಿ ಮತ್ತೆ ಹಾಗೆ ಬರುವುದಿಲ್ಲ, ಇದರಲ್ಲಿ ಸಡಿಲ ಬಿಡಬಾರದು.

ಹೊಲ ಸುತ್ತಿ ಮುಗಿಸಿ ಎಲ್ಲರೂ ಊರಿನ ಪಬ್ ಡವ್‌ಕೋಟ್ ಇನ್‌ಗೆ ಬಂದು ಊಟ ಮಾಡುತ್ತಾರೆ. ದಂಡದ ಪಟ್ಟಿ ತಯಾರಾಗುವುದು ಆಮೇಲೆ. ಮುಂದಿನ ವಾರ ಅದೇ ಪಬ್‌ನಲ್ಲಿ ಕೋರ್ಟ್ ಲೀಟ್, ಅಂದರೆ ಊರಿನ ನ್ಯಾಯಾಲಯ, ಕೂಡುತ್ತದೆ. ಜಮೀನಿನ ಒಡೆಯರ ಪರವಾಗಿ ಸ್ಟೂವರ್ಡ್ ಎಂಬ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾನೆ, ಬೇಲಿಫ್ ಎಂಬ ಅವನ ಸಹಾಯಕ ‘ಓಯೆಜ್, ಓಯೆಜ್, ಓಯೆಜ್’ (ಕೇಳಿರಿ) ಎಂದು ಕೂಗಿ ನ್ಯಾಯಾಲಯ ತೆರೆಯುತ್ತಾನೆ. ಹಾಜರಿ ಕರೆಯುತ್ತಾರೆ, ಬಾರದವರಿಗೆ ಕೆಲವು ಪೆನ್ನಿಗಳ ದಂಡ. ಜ್ಯೂರಿ ಬರೆದುಕೊಟ್ಟ ತಪ್ಪುಗಳನ್ನು ಓದಿ ದಂಡ ವಿಧಿಸುತ್ತಾರೆ. ದಂಡದ ಮೊತ್ತ ಸಣ್ಣದು. ಆದರೆ ನೆರೆಹೊರೆಯವರೆಲ್ಲ ಕೂತಿರುವಾಗ ‘ಇಂಥವನು ದಾರಿಗೆ ದಾಟಿ ಉತ್ತಿದ್ದಾನೆ’ ಎಂದು ಓದಿದರೆ ಅದರ ಭಾರ ಹಣದಲ್ಲಿಲ್ಲ. ಕೊನೆಗೆ ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣವಚನ. ಹಿಂದೆ ಇದೇ ನ್ಯಾಯಾಲಯ ಪಿಂಡರ್ ಎಂಬವನನ್ನೂ ನೇಮಿಸುತ್ತಿತ್ತು, ಬೆಳೆಗೆ ನುಗ್ಗಿದ ದನಗಳನ್ನು ಹಿಡಿದು ದೊಡ್ಡಿಗೆ ಹಾಕುವುದು ಅವನ ಕೆಲಸ. ಊರಿನಲ್ಲಿ ಆ ದೊಡ್ಡಿ ಈಗಲೂ ಇದೆ.

ಇದನ್ನು ಪ್ರದರ್ಶನ ಎಂದು ಭಾವಿಸಬೇಡಿ. 1977ರ ಕಾನೂನು ಇಂಗ್ಲೆಂಡಿನ ಇಂಥ ಹಳೆಯ ನ್ಯಾಯಾಲಯಗಳ ಅಧಿಕಾರವನ್ನು ರದ್ದುಮಾಡಿದಾಗ ಲ್ಯಾಕ್ಸ್‌ಟನ್‌ನದನ್ನು ಹೊರಗಿಟ್ಟಿತು. ಇದರ ಮಾತಿಗೆ ಕಾನೂನಿನ ಬಲವಿದೆ.

ಬೇರೆಡೆ ಹೋದದ್ದು ಇಲ್ಲಿ ಏಕೆ ಉಳಿಯಿತು? 1604ರಿಂದ 1914ರವರೆಗೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಕಾನೂನುಗಳ ಮೂಲಕ ಸುಮಾರು 68 ಲಕ್ಷ ಎಕರೆ ಇಂಥ ಭೂಮಿಗೆ ಬೇಲಿ ಹಾಕಿಸಿತು. ದೊಡ್ಡವರಿಗೆ ಒಟ್ಟು ತುಂಡು ಸಿಕ್ಕಿತು, ಮೇಯಿಸುವ ಹಕ್ಕಿನ ಮೇಲೆ ಬದುಕಿದ್ದ ಬಡವರಿಗೆ ಏನೂ ಉಳಿಯಲಿಲ್ಲ. ಲ್ಯಾಕ್ಸ್‌ಟನ್‌ನಲ್ಲೂ ಊರಿನ ಸುತ್ತಿನ ಬಹಳಷ್ಟು ಭೂಮಿಗೆ ಬೇಲಿ ಬಿದ್ದಿದೆ. ನಡುವಿನ ಹೊಲಗಳು ಉಳಿದದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಅಲ್ಲಿನ ಇಬ್ಬರು ದೊಡ್ಡ ಭೂಮಾಲೀಕರಾದ ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್‌ಬರೊ ಮನೆತನಗಳಿಗೆ ಪಾಲುದಾರಿಕೆಯಲ್ಲಿ ಒಪ್ಪಂದವಾಗಲಿಲ್ಲ ಎಂಬುದು. ಆಮೇಲೆ ಉಳಿದದ್ದು ಜನ ಬೇಕೆಂದು ಉಳಿಸಿದ್ದರಿಂದ. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಭೂಮಿಯನ್ನು ಕೃಷಿ ಸಚಿವಾಲಯಕ್ಕೆ ಮಾರಿದರು, ವ್ಯವಸ್ಥೆ ಉಳಿಯಲೆಂದೇ. 1981ರಲ್ಲಿ ಅದು ಬ್ರಿಟಿಷ್ ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು, 2020ರಲ್ಲಿ ಮ್ಯಾನ್ವರ್ಸ್ ವಂಶಸ್ಥರ ಥೋರ್ಸ್‌ಬಿ ಎಸ್ಟೇಟ್‌ಗೆ ಮರಳಿತು. ಒಡೆಯರು ಬದಲಾದರೂ ಹೊರೆ ರೈತರದ್ದೇ. ಚದುರಿದ ಪಟ್ಟಿಗಳಲ್ಲಿ ಯಂತ್ರ ಓಡಿಸಲು ಡೀಸೆಲ್ ಹೆಚ್ಚು, ಸಮಯ ಹೆಚ್ಚು, ಇಷ್ಟ ಬಂದ ಬೆಳೆ ಇಡುವಂತಿಲ್ಲ. ಬೇಲಿ ಹಾಕಿದ ಜಮೀನಿನ ನೆರೆಯೂರಿನವನ ಜೊತೆ ಅದೇ ಮಾರುಕಟ್ಟೆಯಲ್ಲಿ ಅವರು ಗೋಧಿ ಮಾರಬೇಕು.

ನೋಡಲು ಹೋಗುವವರು ಮೊದಲು ಪಬ್‌ನ ಪಕ್ಕದ ಚಿಕ್ಕ ಮಾಹಿತಿ ಕೇಂದ್ರಕ್ಕೆ ಹೋಗಿ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಆಗಿನ ಒಡೆಯ ಸರ್ ವಿಲಿಯಂ ಕೋರ್ಟನ್‌ಗಾಗಿ ಪ್ರತಿ ಪಟ್ಟಿಯನ್ನೂ ಗುರುತಿಸಿ ಬರೆದ ನಕ್ಷೆಯ ಪರಿಚಯ ಮಾಡಿಕೊಂಡು ಹೊಲಕ್ಕೆ ಇಳಿದರೆ ಕಾಣುವುದೇ ಬೇರೆ. ಮೂಲ ನಕ್ಷೆ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ, ಅದರಲ್ಲಿ ಉಳುವವರು, ಕೊಯ್ಯುವವರು, ಬೇಟೆಯಾಡುವವರ ಪುಟ್ಟ ಚಿತ್ರಗಳೂ ಇವೆ. ಊರಿನ ಉತ್ತರಕ್ಕೆ ನಾರ್ಮನ್ನರ ಕೋಟೆಯ ಮಣ್ಣಿನ ದಿಬ್ಬವಿದೆ, ಶೆರ್‌ವುಡ್ ಅರಣ್ಯದ ಪಾರುಪತ್ಯ ವಂಶಪಾರಂಪರ್ಯವಾಗಿ ನಡೆಸುತ್ತಿದ್ದವರ ನೆಲೆ ಅದು. ಹೊಲದಲ್ಲಿ ದಾರಿ ಬಿಟ್ಟು ಬೆಳೆಯೊಳಗೆ ಕಾಲಿಡಬೇಡಿ, ಗೂಟಗಳನ್ನು ಮುಟ್ಟಬೇಡಿ. ಸೈಕ್‌ಗಳ ಹೂ ನೋಡಲು ಜೂನ್ ಒಳ್ಳೆಯದು. ಪಟ್ಟಿಗಳ ಅಂಚು ಬಿಡಿಬಿಡಿಯಾಗಿ ಕಾಣಬೇಕೆಂದರೆ ನವೆಂಬರ್‌ನಲ್ಲಿ ಹೋಗಿ, ಬಟ್ಟೆ ದಪ್ಪಗಿರಲಿ, ಬೂಟು ಎತ್ತರದ್ದಿರಲಿ.